ಸಮಾನತೆಯ ಶಾಸನಗಳೂ ಕೊಡಗಿನ ಲೈನುಮನೆಗಳೂ

ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತೆಂಬುದನ್ನು ಪೌರನೀತಿಯ ಪಾಠ ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಒಂದೇ ವಾಕ್ಯದಲ್ಲಿ ಉತ್ತರ ಬರೆದು ಪೂರ್ಣಾಂಕವನ್ನು ಪಡೆಯಬಹುದು. ಆದರೆ ಆ ಒಂದು ವಾಕ್ಯವು ನಮ್ಮ ಕೊಡಗಿನ ಕಾಫಿತೋಟದೊಳಗಿನ ಲೈನುಮನೆಯೊಂದರ ಬಾಗಿಲವರೆಗೆ ಬಂದು ಮುಟ್ಟುತ್ತದೆಯೆ, ಮುಟ್ಟುವುದಾದರೆ ಯಾವ ದಾರಿಯಲ್ಲಿ, ಮುಟ್ಟದಿದ್ದರೆ ಎಲ್ಲಿ ನಿಂತುಹೋಗುತ್ತದೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನಡೆದು ನೋಡುವುದೇ ಈ ಲೇಖನದ ಉದ್ದೇಶ.

೨೦೧೧ರ ಜನಗಣತಿಯಂತೆ ಕೊಡಗು ಜಿಲ್ಲೆಯ ಜನಸಂಖ್ಯೆ ೫,೫೪,೫೧೯. ಇವರಲ್ಲಿ ಪರಿಶಿಷ್ಟ ಜಾತಿಗಳವರು ನೂರಕ್ಕೆ ಸುಮಾರು ೧೩ ಮಂದಿ. ಪರಿಶಿಷ್ಟ ಪಂಗಡಗಳವರು ನೂರಕ್ಕೆ ಸುಮಾರು ೧೦ ಮಂದಿ. ಯರವರು, ಜೇನು ಕುರುಬರು, ಬೆಟ್ಟ ಕುರುಬರು, ಕುಡಿಯರು ಮೊದಲಾದವರು ಈ ಎರಡನೆಯ ಗುಂಪಿಗೆ ಸೇರಿದವರು. ಇವರಲ್ಲಿ ಕೆಲವರು ಕಾಡಂಚಿನ ಹಾಡಿಗಳಲ್ಲಿಯೂ ಕೆಲವರು ತೋಟದ ಲೈನುಗಳಲ್ಲಿಯೂ ವಾಸವಾಗಿದ್ದಾರೆ. ಲೈನಿನಲ್ಲಿರುವವರ ಮನೆ, ನೀರು, ಕೂಲಿ, ಮುಂಗಡ, ಕಾಯಿಲೆಗೆ ಬೇಕಾದ ಕೈಸಾಲ, ಇವೆಲ್ಲವೂ ಒಂದೇ ಗೇಟಿನ ಒಳಗಿವೆ. ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವೆಲ್ಲವೂ ಸ್ಪಷ್ಟವಾಗುವುದು.

೧. ಹಿಂದಿನ ಕಥೆ

ಅರಸರ ಕಾಲದ ಕೊಡಗಿನಲ್ಲಿ ಜೀತದಾಳುಗಳಿದ್ದರು. ಭೂಮಿಗೆ ಅಂಟಿಕೊಂಡ ಆಳುಗಳೆಂದೂ ಒಕ್ಕಲಿಗೆ ಸೇರಿದ ಆಳುಗಳೆಂದೂ ಅವರಲ್ಲಿ ಎರಡು ಬಗೆಯಿತ್ತು. ೧೮೩೪ರಲ್ಲಿ ಆಂಗ್ಲರು ಕೊಡಗನ್ನು ವಶಪಡಿಸಿಕೊಂಡರು. ೧೮೪೩ರಲ್ಲಿ ಗುಲಾಮಗಿರಿಯ ವಿಷಯದಲ್ಲಿ ಇಂಡಿಯ ಸರಕಾರವು ೫ನೆಯ ಆಕ್ಟನ್ನು ಜಾರಿಗೆ ತಂದಿತು. ಈ ಆಕ್ಟಿನ ರೀತಿ ಗಮನಿಸತಕ್ಕದ್ದು. ಅದು ಯಾವ ಆಳಿನ ಬಳಿಗೂ ಹೋಗಿ "ನೀನು ಸ್ವತಂತ್ರನು" ಎಂದು ಹೇಳಲಿಲ್ಲ. ಒಡೆಯನು ತನ್ನ ಒಡೆತನವನ್ನು ಸಾಧಿಸಲು ನ್ಯಾಯಸ್ಥಾನಕ್ಕೆ ಬಂದರೆ ನ್ಯಾಯಸ್ಥಾನವು ಅವನಿಗೆ ನೆರವಾಗತಕ್ಕದ್ದಲ್ಲ ಎಂದಷ್ಟೇ ಹೇಳಿತು. ಒಡೆಯನು ನ್ಯಾಯಸ್ಥಾನಕ್ಕೆ ಬರಲೇಬೇಕಾದ ಪ್ರಸಂಗವಿಲ್ಲದ ಕಡೆ ಆಳಿನ ಬಾಳು ಹಿಂದಿನಂತೆಯೇ ಸಾಗಿತು.

ಮುಂದೆ ೧೮೫೦ರ ದಶಕದಲ್ಲಿ ಐರೋಪ್ಯರ ಕಾಫಿತೋಟಗಳು ಎದ್ದವು. ತೋಟಕ್ಕೆ ಕೂಲಿಯಾಳುಗಳು ಬೇಕಾದರು. ೧೮೫೯ರಲ್ಲಿ ಬಂದ ಕಾಯಿದೆಯೊಂದು, ಮುಂಗಡ ಪಡೆದು ಕೆಲಸಕ್ಕೆ ಬಾರದ ಕೂಲಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಶಿಕ್ಷಿಸಲು ಅವಕಾಶ ಕೊಟ್ಟಿತು. ಮಾತು ತಪ್ಪಿದ ಒಡೆಯನಿಗೆ ಸಿವಿಲ್ ದಾವೆ, ಮಾತು ತಪ್ಪಿದ ಕೂಲಿಗೆ ಸೆರೆಮನೆ! ಈ ಕಾಯಿದೆಯು ೧೯೨೫ರ ಶಾಸನದಿಂದ ರದ್ದಾಯಿತು. ಆದರೆ ಕೊಡಗಿಗಾಗಿಯೇ ೧೯೨೬ರಲ್ಲಿ ಪ್ರತ್ಯೇಕವಾದ ಕೂಲಿಕಾರರ ಕಾಯಿದೆಯೊಂದು ಬಂದಿತು. ಗುಲಾಮನೆಂಬ ಹೆಸರು ಹೋಗಿ ಮುಂಗಡದ ಕೂಲಿಯೆಂಬ ಹೆಸರು ಬಂದಿತೆಂದು ಇದರಿಂದ ತಿಳಿಯುತ್ತದೆ. ಕಾನೂನು ಒಂದು ಹೆಸರನ್ನು ಅಳಿಸಿದಾಗ ಆ ಹೆಸರಿನ ಹಿಂದಿದ್ದ ಸಂಬಂಧವೂ ಅಳಿಯಿತೆಂದು ನಾವು ಭಾವಿಸಬಾರದೆಂಬುದೇ ಇತಿಹಾಸ ಕಲಿಸುವ ಮೊದಲನೆಯ ಪಾಠ.

೨. ಕೊಡಗಿನ ಎರಡು ಶಾಸನಗಳು

೧೯೩೪ರ ಫೆಬ್ರವರಿಯಲ್ಲಿ ಮಹಾತ್ಮ ಗಾಂಧಿಯವರು ತಮ್ಮ ಹರಿಜನ ಯಾತ್ರೆಯಲ್ಲಿ ಕೊಡಗಿಗೆ ಬಂದರು. ಕಥೆಗಾರ್ತಿ ಕೊಡಗಿನ ಗೌರಮ್ಮನವರು ತಮ್ಮ ಆಭರಣಗಳನ್ನು ಹರಿಜನ ನಿಧಿಗೆ ಅರ್ಪಿಸಿದ ಪ್ರಸಂಗವು ನಮ್ಮ ನಾಡಿನಲ್ಲಿ ಇಂದಿಗೂ ನೆನಪಿನಲ್ಲಿದೆ. ಅದಾದ ೧೫ ವರ್ಷಗಳಲ್ಲಿ ಆ ಭಾವನೆಯು ಶಾಸನದ ರೂಪವನ್ನು ತಾಳಿತು. ೧೯೪೯ರಲ್ಲಿ, ಕೊಡಗು ಇನ್ನೂ ಚೀಫ್ ಕಮಿಷನರರ ಆಡಳಿತದಲ್ಲಿದ್ದಾಗಲೇ, ಎರಡು ಶಾಸನಗಳು ಇಲ್ಲಿ ಜಾರಿಗೆ ಬಂದವು. ಮೊದಲನೆಯದು ಪರಿಶಿಷ್ಟ ಜಾತಿಗಳವರ ಪೌರ ಹಾಗೂ ಸಾಮಾಜಿಕ ಅನರ್ಹತೆಗಳನ್ನು ನಿವಾರಿಸುವ ಶಾಸನ. ಎರಡನೆಯದು ದೇವಾಲಯ ಪ್ರವೇಶಕ್ಕೆ ಅಧಿಕಾರವೀಯುವ ಶಾಸನ. ೧೯೪೯ರಲ್ಲಿ ಕೊಡಗಿನ ಶಾಸನಗಳ ಪಟ್ಟಿಯಲ್ಲಿ ೧ ಮತ್ತು ೨ ಎಂಬ ಅಂಕಗಳು ಈ ಎರಡಕ್ಕೆ ಸಂದವು. ಭಾರತದ ಸಂವಿಧಾನವು ಜಾರಿಗೆ ಬಂದದ್ದು ೧೯೫೦ರ ಜನವರಿ ೨೬ರಂದು. ಚಿಕ್ಕ ಕೊಡಗು ಅದಕ್ಕೆ ಮೊದಲೇ ಈ ಕೆಲಸ ಮಾಡಿತೆಂಬುದು ನಮಗೆ ಹೆಮ್ಮೆಯ ವಿಷಯ.

ಸಂವಿಧಾನ ಸಭೆಯು ಅಸ್ಪೃಶ್ಯತಾ ನಿಷೇಧದ ವಿಧಿಯನ್ನು ಅಂಗೀಕರಿಸಿದ್ದು ೧೯೪೮ರ ನವೆಂಬರ್ ೨೯ರಂದು. ಕೊಡಗಿನ ಸಿ. ಎಂ. ಪೂಣಚ್ಚನವರು ಆ ಸಭೆಯ ಸದಸ್ಯರಾಗಿದ್ದರು. ಅಸ್ಪೃಶ್ಯತೆ ಎಂದರೇನೆಂದು ವಿಧಿಯಲ್ಲಿ ಎಲ್ಲಿಯೂ ವಿವರಿಸಿಲ್ಲವೆಂದು ಕೆಲವು ಸದಸ್ಯರು ಅಂದೇ ಎತ್ತಿ ತೋರಿಸಿದರು. ಆದರೂ ವಿವರಣೆಯಿಲ್ಲದೆಯೇ ವಿಧಿಯು ಅಂಗೀಕೃತವಾಯಿತು. ೧೯೫೫ರಲ್ಲಿ ಸಂಸತ್ತು ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯನ್ನು ಮಾಡಿತು. ದೇಶದ ಬೇರೆ ಬೇರೆ ಪ್ರಾಂತಗಳಲ್ಲಿದ್ದ ಇಂಥ ಶಾಸನಗಳನ್ನು ಅದು ರದ್ದು ಮಾಡಿ ಎಲ್ಲಕ್ಕೂ ಒಂದೇ ಕಾಯಿದೆಯನ್ನು ಇಟ್ಟಿತು. ಕೊಡಗಿನ ಎರಡು ಶಾಸನಗಳೂ ಆ ಪಟ್ಟಿಯಲ್ಲಿ ಸೇರಿ ಮುಗಿದವು. ೧೯೭೬ರಲ್ಲಿ ಈ ಕಾಯಿದೆಗೆ ತಿದ್ದುಪಡಿಯಾಗಿ, ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂಬ ಹೊಸ ಹೆಸರು ಬಂದಿತು.

೩. ಕಾಯಿದೆ ಸಾಧಿಸಿದ್ದೇನು?

ಈ ಕಾಯಿದೆಯ ೩ನೆಯ ಮತ್ತು ೪ನೆಯ ಕಲಮುಗಳನ್ನು ಓದಿದರೆ ಅದರ ಕಣ್ಣು ಎಲ್ಲಿತ್ತೆಂಬುದು ತಿಳಿಯುತ್ತದೆ. ದೇವಾಲಯ, ಅಂಗಡಿ, ಹೋಟೆಲು, ಅಲ್ಲಿ ಇಟ್ಟಿರುವ ಪಾತ್ರೆ, ಹೊಳೆ, ಬಾವಿ, ಕೆರೆ, ಸ್ನಾನಘಟ್ಟ, ಸ್ಮಶಾನ, ರಸ್ತೆ, ಧರ್ಮಶಾಲೆ, ಬಸ್ಸು, ಇವುಗಳಲ್ಲಿ ಯಾವುದರಿಂದಲೂ ಯಾರನ್ನೂ ಅಸ್ಪೃಶ್ಯತೆಯ ಕಾರಣಕ್ಕಾಗಿ ತಡೆಯಕೂಡದು. ಚಹಾದ ಅಂಗಡಿಯಲ್ಲಿ ಒಂದು ಜಾತಿಯವರಿಗೆ ಬೇರೆ ಲೋಟ ಇಟ್ಟರೆ ಅದು ಅಪರಾಧ. ಇಂದು ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಯಾರು ಯಾರ ಪಕ್ಕದಲ್ಲಿ ನಿಂತು ಚಹಾ ಕುಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಇದನ್ನು ಸಣ್ಣ ಸಾಧನೆಯೆಂದು ತಳ್ಳಿಹಾಕಲಾಗದು.

ನ್ಯಾಯಸ್ಥಾನಗಳೂ ಇದಕ್ಕೆ ಬಲ ಕೊಟ್ಟಿವೆ. ನಮ್ಮ ನೆರೆಯ ದಕ್ಷಿಣ ಕನ್ನಡದ ಮೂಲ್ಕಿಯ ಶ್ರೀ ವೆಂಕಟರಮಣ ದೇವಸ್ಥಾನದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೫೭ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಒಂದು ಪಂಗಡದವರು ಸ್ಥಾಪಿಸಿದ ದೇವಾಲಯವಾದರೂ ಅದು ಸಾರ್ವಜನಿಕವಾಗಿದ್ದಲ್ಲಿ ಹಿಂದುಗಳ ಎಲ್ಲ ವರ್ಗಗಳಿಗೂ ಪ್ರವೇಶವುಂಟು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ಪಂಗಡದವರು ತಮಗಾಗಿ ಇಟ್ಟುಕೊಳ್ಳಬಹುದು ಎಂಬುದು ಅದರ ಸಾರ. ಕರ್ನಾಟಕದ ಹಳ್ಳಿಯೊಂದರಲ್ಲಿ ಹೊಸದಾಗಿ ತೋಡಿದ ಕೊಳವೆಬಾವಿಯಿಂದ ಪರಿಶಿಷ್ಟ ಜಾತಿಯವರು ನೀರು ತೆಗೆಯದಂತೆ ಬೆದರಿಸಿದ ಪ್ರಕರಣದಲ್ಲಿ ಉಚ್ಚ ನ್ಯಾಯಾಲಯವು ಆಪಾದಿತರನ್ನು ಬಿಡುಗಡೆ ಮಾಡಿತ್ತು. ರಾಜ್ಯ ಸರಕಾರದ ಮೇಲ್ಮನವಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ೧೯೯೨ರಲ್ಲಿ ಆ ಬಿಡುಗಡೆಯನ್ನು ತಳ್ಳಿಹಾಕಿತು. ಒಂದು ಕೊಡ ನೀರಿನ ಹಕ್ಕು ಸಾಬೀತಾಗಲು ದೆಹಲಿಯವರೆಗೆ ಹೋಗಬೇಕಾಯಿತೆಂಬುದನ್ನೂ ನಾವು ಮರೆಯಬಾರದು.

ಆದರೆ ವಿವರಣೆಯಿಲ್ಲದ ಪದದಿಂದ ತೊಡಕೂ ಬಂದಿತು. ೧೯೫೮ರಲ್ಲಿ ವರದಿಯಾದ ಮೈಸೂರು ಉಚ್ಚ ನ್ಯಾಯಾಲಯದ ತೀರ್ಪೊಂದಿದೆ. ಜೈನ ಸಮುದಾಯದೊಳಗೆ ಒಬ್ಬರ ವಿರುದ್ಧ ಹೊರಟ ಬಹಿಷ್ಕಾರದ ಕರಪತ್ರವು ಈ ಕಾಯಿದೆಯ ಕೆಳಗೆ ಅಪರಾಧವೆ ಎಂಬ ಪ್ರಶ್ನೆ ಅಲ್ಲಿ ಬಂದಿತ್ತು. ಅಸ್ಪೃಶ್ಯತೆ ಎಂಬ ಪದವನ್ನು ನಿಘಂಟಿನ ಅರ್ಥದಲ್ಲಿ ಹಿಡಿಯಬಾರದು, ಈ ದೇಶದ ಇತಿಹಾಸದಲ್ಲಿ ಕೆಲವು ವರ್ಗಗಳ ಮೇಲೆ ಹುಟ್ಟಿನಿಂದಲೇ ಹೇರಿದ ಕೀಳರಿಮೆಯ ಆಚಾರವನ್ನು ಮಾತ್ರ ಅದು ಸೂಚಿಸುತ್ತದೆ ಎಂದು ನ್ಯಾಯಾಲಯವು ಹೇಳಿತು. ಆ ವಿವರಣೆ ತರ್ಕಬದ್ಧವಾದುದೇ. ಆದರೆ ಅದರ ಪರಿಣಾಮವಾಗಿ, ಅಸ್ಪೃಶ್ಯತೆಯೆಂಬ ಹೆಸರಿಗೆ ಸರಿಹೊಂದದ ತಾರತಮ್ಯಗಳೆಲ್ಲವೂ ಕಾಯಿದೆಯ ಹೊರಗೆ ಉಳಿದವು.

೪. ಗೇಟಿನ ಬಳಿ ನಿಲ್ಲುವ ಕಾನೂನು

ಈಗ ಮುಖ್ಯ ವಿಷಯಕ್ಕೆ ಬರೋಣ. ಸಂವಿಧಾನದ ೧೫ನೆಯ ವಿಧಿಯ ಮೊದಲನೆಯ ಭಾಗವು ತಾರತಮ್ಯ ಮಾಡಬಾರದೆಂದು ರಾಜ್ಯಕ್ಕೆ, ಎಂದರೆ ಸರಕಾರಕ್ಕೆ, ವಿಧಿಸುತ್ತದೆ. ಖಾಸಗಿಯವರನ್ನೂ ಕಟ್ಟುವ ವಿಧಿಗಳು ಕೆಲವೇ: ಅಂಗಡಿ, ಹೋಟೆಲು, ಬಾವಿ, ಕೆರೆಗಳಿಗೆ ಸಂಬಂಧಿಸಿದ ೧೫ನೆಯ ವಿಧಿಯ ಎರಡನೆಯ ಭಾಗ, ಅಸ್ಪೃಶ್ಯತೆಯ ೧೭ನೆಯ ವಿಧಿ, ಬಲವಂತದ ದುಡಿಮೆಯನ್ನು ನಿಷೇಧಿಸುವ ೨೩ನೆಯ ವಿಧಿ, ಅಪಾಯಕರ ಕೆಲಸಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ತಡೆಯುವ ೨೪ನೆಯ ವಿಧಿ. ತೋಟವು ಖಾಸಗಿ ಸ್ವತ್ತು. ಅದರ ಬಾವಿ ಸಾರ್ವಜನಿಕರ ಬಾವಿಯಲ್ಲ, ಅದರ ರಸ್ತೆ ಸಾರ್ವಜನಿಕರ ರಸ್ತೆಯಲ್ಲ, ಅದರ ಲೈನುಮನೆ ಬಾಡಿಗೆಯ ಮನೆಯೂ ಅಲ್ಲ. ಊರಿನಲ್ಲಿ ಕಾಯಿದೆಯ ರಕ್ಷಣೆಯಲ್ಲಿ ನಡೆದ ಮನುಷ್ಯನು ಗೇಟನ್ನು ದಾಟಿದೊಡನೆ ಬೇರೊಂದು ಲೆಕ್ಕಕ್ಕೆ ಸೇರುತ್ತಾನೆ. ಅಲ್ಲಿ ಅವನಿಗೆ ಎದುರಾಗುವ ಕೊರತೆಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು, ಸಾಕ್ಷಿಯ ಕೊರತೆ. ಪರಿಶಿಷ್ಟ ಜಾತಿ ಹಾಗೂ ಪಂಗಡಗಳ ಮೇಲಿನ ದೌರ್ಜನ್ಯವನ್ನು ತಡೆಯುವ ಕಾಯಿದೆಯು ೧೯೮೯ರಲ್ಲಿ ರಚಿತವಾಗಿ ೧೯೯೦ರ ಜನವರಿ ೩೦ರಿಂದ ಜಾರಿಗೆ ಬಂದಿತು. ಅದರಂತೆ ಜಾತಿ ಹಿಡಿದು ಅವಮಾನಿಸುವುದು ಅಪರಾಧವಾಗಬೇಕಾದರೆ ಅದು ಸಾರ್ವಜನಿಕರ ಕಣ್ಣೆದುರಿಗೆ ನಡೆದಿರಬೇಕು. ನಾಲ್ಕು ಗೋಡೆಗಳ ಒಳಗೆ, ಹೊರಗಿನವರಾರೂ ಇಲ್ಲದಿರುವಾಗ ಆಡಿದ ಮಾತು ಈ ಕಲಮಿನೊಳಗೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ಹೇಳಿದೆ. ಖಾಸಗಿ ಜಾಗವಾದರೂ ಹೊರಗಿನವರು ನೋಡುವಂತೆ, ಕೇಳುವಂತೆ ನಡೆದರೆ ಅಪರಾಧವಾಗಬಹುದೆಂದು ೨೦೦೮ರ ತೀರ್ಪಿನಲ್ಲಿ ಹೇಳಿತ್ತೆಂಬುದೂ ನಿಜ. ಆದರೆ ಕಾಫಿಯ ಕಣದಲ್ಲಿ ಕೇಳಿಸಿಕೊಳ್ಳುವವರು ಯಾರು? ಅದೇ ಲೈನಿನ ಇತರ ಕೂಲಿಗಳು, ಅದೇ ತೋಟದ ರೈಟರು, ಅದೇ ಮೇಸ್ತ್ರಿ. ಸಾಕ್ಷಿ ಹೇಳಬೇಕಾದವನ ಅನ್ನವೂ ಸೂರೂ ಆಪಾದಿತನ ಕೈಯಲ್ಲಿರುವಾಗ ಕಾಯಿದೆಯ ಪುಸ್ತಕದಲ್ಲಿರುವ ಸಾಕ್ಷಿಯು ನ್ಯಾಯಸ್ಥಾನದ ಕಟಕಟೆಗೆ ಬರುವುದು ಕಷ್ಟ.

ಎರಡನೆಯದು, ಪಂಗಡಗಳವರ ವಿಷಯದಲ್ಲಿ ಬಹುಕಾಲ ಉಳಿದಿದ್ದ ಕೊರತೆ. ೧೯೫೫ರ ಕಾಯಿದೆಯ ೧೨ನೆಯ ಕಲಮು ಒಂದು ಒಳ್ಳೆಯ ನಿಯಮವನ್ನು ಮಾಡಿದೆ. ಕಾಯಿದೆಯಲ್ಲಿ ಅಪರಾಧವೆನಿಸಿದ ಕೃತ್ಯವು ಪರಿಶಿಷ್ಟ ಜಾತಿಯವರ ವಿಷಯದಲ್ಲಿ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣದಿಂದಲೇ ನಡೆಯಿತೆಂದು ನ್ಯಾಯಾಲಯವು ಊಹಿಸಿಕೊಳ್ಳಬೇಕು. ಹಾಗಲ್ಲವೆಂದು ತೋರಿಸುವ ಹೊಣೆ ಆಪಾದಿತನದು. ಆದರೆ ಈ ಅನುಕೂಲವು ಪರಿಶಿಷ್ಟ ಪಂಗಡಗಳವರಿಗೆ ಇಲ್ಲ. ಯರವನೊಬ್ಬನನ್ನು ಹೋಟೆಲಿನಿಂದ ಹೊರಗಟ್ಟಿದರೆ, ತನ್ನನ್ನು ಅಸ್ಪೃಶ್ಯನೆಂದು ಎಣಿಸಿಯೇ ಹೊರಗಟ್ಟಿದರೆಂದು ಅವನೇ ಸಾಬೀತುಪಡಿಸಬೇಕು. ಪಂಗಡಗಳವರು ನೂರಕ್ಕೆ ೧೦ ಮಂದಿ ಇರುವ ಜಿಲ್ಲೆಯಲ್ಲಿ ಇದು ಸಣ್ಣ ಲೋಪವಲ್ಲ. ೧೯೮೯ರ ಕಾಯಿದೆ ಬಂದ ಮೇಲೆ ಇವರಿಗೂ ರಕ್ಷಣೆ ದೊರೆಯಿತು. ೨೦೧೫ರಲ್ಲಿ ಅದಕ್ಕೆ ಆದ ತಿದ್ದುಪಡಿಯು ೨೦೧೬ರ ಜನವರಿ ೨೬ರಿಂದ ಜಾರಿಗೆ ಬಂದು, ನೀರು, ದಾರಿ, ದೇವಾಲಯ, ಉದ್ಯೋಗ ಮುಂತಾದವುಗಳಿಂದ ತಡೆಯುವುದನ್ನೂ ಸಾಮಾಜಿಕ ಬಹಿಷ್ಕಾರವನ್ನೂ ಜಾತಿ, ಪಂಗಡ ಎರಡರ ವಿಷಯದಲ್ಲಿಯೂ ಸ್ಪಷ್ಟವಾಗಿ ಅಪರಾಧವೆಂದಿತು. ೧೯೫೫ರಿಂದ ೨೦೧೬ರವರೆಗೆ ಎಣಿಸಿದರೆ ಅದು ೬೧ ವರ್ಷ. ಒಬ್ಬ ಕೂಲಿಯ ಇಡೀ ಆಯುಷ್ಯ ಅದರಲ್ಲಿ ಕಳೆದುಹೋಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಮನೆಯ ಕೊರತೆ. ಕರ್ನಾಟಕದ ಭೂಸುಧಾರಣಾ ಕಾಯಿದೆಯ ೩೮ನೆಯ ಕಲಮಿನಂತೆ, ಬೇರೆಯವರ ಜಮೀನಿನಲ್ಲಿರುವ ಮನೆಯಲ್ಲಿ ಕೃಷಿ ಕಾರ್ಮಿಕನು ವಾಸವಾಗಿದ್ದರೆ ಆ ಮನೆಗೂ ಅದರ ನಿವೇಶನಕ್ಕೂ ಅವನನ್ನೇ ಒಡೆಯನನ್ನಾಗಿ ನೋಂದಾಯಿಸಲು ಅವಕಾಶವುಂಟು. ಭೂಸುಧಾರಣೆಯ ಅತ್ಯಂತ ಮಾನವೀಯವಾದ ಕಲಮುಗಳಲ್ಲಿ ಇದೊಂದು. ಆದರೆ ಅದೇ ಕಾಯಿದೆಯ ೧೦೪ನೆಯ ಕಲಮನ್ನು ನೋಡಿರಿ: ೩೮ನೆಯ ಕಲಮು ಪ್ಲಾಂಟೇಷನ್ನುಗಳಿಗೆ ಅನ್ವಯಿಸತಕ್ಕದ್ದಲ್ಲ. ಕಾಫಿ, ಏಲಕ್ಕಿ, ಮೆಣಸು, ರಬ್ಬರು, ಚಹಾ ಬೆಳೆಯುವ ಭೂಮಿ ಪ್ಲಾಂಟೇಷನ್ನು. ಹೀಗಾಗಿ ಬಯಲುಸೀಮೆಯ ಗದ್ದೆಯ ಬದಿಯ ಗುಡಿಸಲಿನಲ್ಲಿದ್ದ ಆಳಿಗೆ ದೊರೆಯಬಲ್ಲ ಹಕ್ಕು ಕೊಡಗಿನ ಲೈನುಮನೆಯ ಆಳಿಗೆ ದೊರೆಯಲಿಲ್ಲ. ೧೯೫೧ರ ತೋಟ ಕಾರ್ಮಿಕರ ಕಾಯಿದೆಯು ಕೂಲಿಗಳಿಗೆ ಮನೆ ಕೊಡುವ ಹೊಣೆಯನ್ನು ತೋಟದ ಮೇಲೆ ಹೊರಿಸಿತು. ಮುಂದೆ ಆ ವಿಷಯವನ್ನು ೨೦೨೦ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಲಾಯಿತು. ಆದರೆ ಆ ಮನೆ ಕೆಲಸಕ್ಕೆ ಅಂಟಿದ ಮನೆ. ಕೆಲಸ ಮುಗಿದ ದಿನ ಮನೆಯೂ ಮುಗಿಯಿತು. ಮೇಲಾಗಿ ೧೯೫೧ರ ಆ ಕಾಯಿದೆಯು ಸಣ್ಣ ತೋಟಗಳನ್ನು ಮುಟ್ಟಲೇ ಇಲ್ಲ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ೧೯೭೬ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯ ೮ನೆಯ ಕಲಮಿನಂತೆ, ಜೀತದಿಂದ ಬಿಡುಗಡೆಯಾದವನನ್ನು, ಜೀತದ ಪ್ರತಿಫಲವಾಗಿ ಅವನು ವಾಸವಾಗಿದ್ದ ಮನೆಯಿಂದ ಎಬ್ಬಿಸಕೂಡದು. ಎಂದರೆ, ತಾನು ಜೀತದಾಳಾಗಿದ್ದೆನೆಂದು ಸಿದ್ಧಪಡಿಸಿದವನಿಗೆ ಮನೆಯ ರಕ್ಷಣೆಯುಂಟು. ಮುಕ್ತ ಕೂಲಿಯಾಗಿ ಎರಡು ಮೂರು ತಲೆಮಾರು ದುಡಿದವನಿಗೆ ಅಂಥ ರಕ್ಷಣೆಯಿಲ್ಲ!

ಇನ್ನು ಅರಣ್ಯದ ಕಡೆಗೆ ನೋಡಿದರೆ, ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯು ೨೦೦೫ರ ಡಿಸೆಂಬರ್ ೧೩ಕ್ಕೆ ಮೊದಲು ಅರಣ್ಯಭೂಮಿಯಲ್ಲಿ ನೆಲೆಸಿದ್ದ ಪಂಗಡಗಳವರಿಗೆ ಹಕ್ಕನ್ನು ಕೊಡುತ್ತದೆ. ಆ ದಿನ ತೋಟದ ಲೈನಿನಲ್ಲಿದ್ದ ಕುಟುಂಬಕ್ಕೆ, "ನೀನು ಅರಣ್ಯದಲ್ಲಿರಲಿಲ್ಲ" ಎಂಬ ಉತ್ತರ ದೊರೆಯುತ್ತದೆ. ಅರಣ್ಯದ ಕಾಯಿದೆ ತೋಟದ ಕಡೆಗೆ ಬೆರಳು ತೋರುತ್ತದೆ. ಭೂಸುಧಾರಣೆಯ ಕಾಯಿದೆ ತೋಟವನ್ನು ಬಿಟ್ಟು ನಡೆಯುತ್ತದೆ. ನಡುವೆ ನಿಂತವನು ಎಲ್ಲಿಗೆ ಹೋಗಬೇಕು? ೨೦೧೬ರ ಡಿಸೆಂಬರ್ ತಿಂಗಳಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಕಂಡುಬಂದುದು ಈ ಪ್ರಶ್ನೆಯೇ. ಅಲ್ಲಿ ಗುಡಿಸಲು ಹಾಕಿಕೊಂಡಿದ್ದ ೫೦೦ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು, ಅದು ಮೀಸಲು ಅರಣ್ಯವೆಂಬ ಕಾರಣದಿಂದ ತೆರವುಗೊಳಿಸಲಾಯಿತು. ಅವರಲ್ಲಿ ಅನೇಕರು ತೋಟಗಳ ಲೈನುಮನೆಗಳಿಂದ ಬಂದವರಾಗಿದ್ದರು. ದೀರ್ಘ ಹೋರಾಟದ ತರುವಾಯ ಸರಕಾರವು ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಅವರಿಗೆ ಪುನರ್ವಸತಿಯನ್ನು ಕಲ್ಪಿಸಿತು. ಅವರು ಕೇಳಿದ್ದು ಹೆಚ್ಚೇನಲ್ಲ. ಯಾರೂ ಎಬ್ಬಿಸಲಾಗದ ಒಂದು ಮನೆಯ ಜಾಗ.

ನಾಲ್ಕನೆಯದು, ಪರಿಹಾರದ ಕೊರತೆ. ನಮ್ಮ ಕಾಯಿದೆಗಳು ತಾರತಮ್ಯವನ್ನು ಅಪರಾಧವೆಂದು ಎಣಿಸಿ ಶಿಕ್ಷೆಯ ದಾರಿಯನ್ನು ಹಿಡಿದಿವೆ. ೧೯೫೫ರ ಕಾಯಿದೆಯಂತೆ ಆರು ತಿಂಗಳವರೆಗೆ ಸಜೆ ಅಥವಾ ೫೦೦ ರೂಪಾಯಿಯವರೆಗೆ ಜುಲ್ಮಾನೆ ಅಥವಾ ಎರಡೂ ಆಗಬಹುದಿತ್ತು. ೧೯೭೬ರಲ್ಲಿ ಕನಿಷ್ಠ ಒಂದು ತಿಂಗಳ ಸಜೆಯನ್ನೂ ಜುಲ್ಮಾನೆಯನ್ನೂ ಕಡ್ಡಾಯ ಮಾಡಿದರು, ರಾಜಿಗೆ ಇದ್ದ ಅವಕಾಶವನ್ನು ತೆಗೆದರು; ಆದರೆ ಮೊದಲನೆಯ ತಪ್ಪಿಗೆ ಜುಲ್ಮಾನೆಯ ಮೇಲ್ಮಿತಿಯನ್ನು ೫೦೦ ರೂಪಾಯಿಯಲ್ಲಿಯೇ ಬಿಟ್ಟರು. ಉದ್ಯೋಗದಲ್ಲಿ ಅಡ್ಡಿಪಡಿಸುವುದೂ ಅ‍ಪರಾಧವೆಂಬ ಮಾತನ್ನು ಅದೇ ವರ್ಷ ೪ನೆಯ ಕಲಮಿಗೆ ಸೇರಿಸಿದರು. ಒಳ್ಳೆಯದೇ ಆಯಿತು. ಆದರೆ ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ತೋಟದ ಕೂಲಿಯೊಬ್ಬಳು ಚಹಾದ ಹೊತ್ತಿನಲ್ಲಿ ತನಗೆ ಬೇರೆ ಲೋಟವೇಕೆಂದು ಕೇಳಿದಳು. ಮರುವಾರ ಅವಳಿಗೆ ಕೆಲಸವಿಲ್ಲವೆಂದರು. ಕುಯ್ಲು ಮುಗಿಯಿತೆಂಬುದು ಕಾರಣ. ತಿಂಗಳೊಳಗೆ ಲೈನು ಬಿಡಬೇಕೆಂದರು. ಮನೆ ರಿಪೇರಿಯೆಂಬುದು ಕಾರಣ. ಜಾತಿಯ ಹೆಸರನ್ನು ಯಾರೂ ಎತ್ತಲಿಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಸಾಬೀತಾದರೂ ಒಬ್ಬನಿಗೆ ಸಜೆಯಾಗಬಹುದೇ ಹೊರತು, ಅವಳ ಕೆಲಸವನ್ನು ಹಿಂದಕ್ಕೆ ಕೊಡಿರಿ, ಮನೆಯನ್ನು ಹಿಂದಕ್ಕೆ ಕೊಡಿರಿ ಎಂದು ಆಜ್ಞೆ ಮಾಡಿಸುವ ಸುಲಭವಾದ ದಾರಿ ಅಲ್ಲಿಲ್ಲ. ಅವಳಿಗೆ ಬೇಕಾದುದು ಯಜಮಾನನ ಸಜೆಯಲ್ಲ, ತನ್ನ ಕೆಲಸ ಮತ್ತು ಮನೆ.

೫. ಹೊರದೇಶಗಳ ಅನುಭವ

ಈ ಕೊರತೆ ನಮ್ಮಲ್ಲಿ ಮಾತ್ರ ಕಂಡುಬಂದುದಲ್ಲ. ಇಂಗ್ಲೆಂಡಿನಲ್ಲಿ ವರ್ಣಭೇದದ ವಿರುದ್ಧ ಮೊದಲನೆಯ ಕಾಯಿದೆ ಬಂದದ್ದು ೧೯೬೫ರಲ್ಲಿ, ನಮ್ಮದಕ್ಕಿಂತ ೧೦ ವರ್ಷ ತಡವಾಗಿ. ಅದೂ ಹೋಟೆಲು, ನಾಟಕಶಾಲೆ, ವಾಹನಗಳಂಥ ಸಾರ್ವಜನಿಕ ಸ್ಥಳಗಳಿಗೆ ಸೀಮಿತವಾಗಿತ್ತು. ಕರಿಯ ಜನರಿಗೆ ಮನೆ ಮತ್ತು ಕೆಲಸ ಸಿಗದೆ ಹೋಟೆಲಿನ ಬಾಗಿಲು ಮಾತ್ರ ತೆರೆದರೆ ಸಾಲದೆಂದು ಬೇಗನೆ ಅರಿವಾಗಿ, ಮೂರೇ ವರ್ಷಗಳಲ್ಲಿ, ಎಂದರೆ ೧೯೬೮ರಲ್ಲಿ, ವಸತಿಯನ್ನೂ ಉದ್ಯೋಗವನ್ನೂ ಕಾಯಿದೆಯೊಳಗೆ ತಂದರು. ಅಮೆರಿಕದಲ್ಲಿ ೧೯೬೪ರ ನಾಗರಿಕ ಹಕ್ಕುಗಳ ಕಾಯಿದೆಯು ಹೋಟೆಲುಗಳ ಜೊತೆಗೆ ಉದ್ಯೋಗವನ್ನೂ ಸೇರಿಸಿತು. ೧೯೬೮ರ ಕಾಯಿದೆ ವಸತಿಯನ್ನು ಸೇರಿಸಿತು. ದಕ್ಷಿಣ ಆಫ್ರಿಕದ ೨೦೦೦ದ ಸಮಾನತಾ ಕಾಯಿದೆಯು ಸರಕಾರವನ್ನೂ ಖಾಸಗಿಯವರನ್ನೂ ಒಟ್ಟಿಗೆ ಕಟ್ಟಿತು. ಮೇಲುನೋಟಕ್ಕೆ ತಾರತಮ್ಯ ಕಂಡುಬಂದರೆ ಅದು ತಾರತಮ್ಯವಲ್ಲವೆಂದು ತೋರಿಸುವ ಹೊಣೆಯನ್ನು ಎದುರುಪಕ್ಷದ ಮೇಲೆ ಹೊರಿಸಿತು. ಅಂಥ ಕಾಯಿದೆಗಳಲ್ಲಿ ಸೆರೆಮನೆಗಿಂತ ಹೆಚ್ಚಾಗಿ ಪರಿಹಾರಧನಕ್ಕೂ ಕಳೆದುಕೊಂಡುದನ್ನು ಮರಳಿಸುವುದಕ್ಕೂ ಸ್ಥಾನವಿದೆ.

ಎಲ್ಲರಿಗಿಂತ ಮೊದಲೇ ಹೊರಟ ನಾವು ದಾರಿಯ ನಡುವೆ ನಿಂತಿದ್ದೇವೆ. ನಮ್ಮಲ್ಲಿ ಅಂಗವಿಕಲರಿಗಾಗಿ ೨೦೧೬ರ ಕಾಯಿದೆ, ಎಚ್‌ಐವಿ ಸೋಂಕಿತರಿಗಾಗಿ ೨೦೧೭ರ ಕಾಯಿದೆ, ಲಿಂಗಪರಿವರ್ತಿತ ವ್ಯಕ್ತಿಗಳಿಗಾಗಿ ೨೦೧೯ರ ಕಾಯಿದೆ, ಹೀಗೆ ಒಂದೊಂದು ವರ್ಗಕ್ಕೆ ಒಂದೊಂದು ಕಾಯಿದೆ ಬಂದಿದೆ. ೨೦೧೯ರ ವೇತನ ಸಂಹಿತೆಯು ಕೂಲಿಯಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. ಆದರೆ ಗಂಡು ಹೆಣ್ಣೆಂಬ ಭೇದದ ವಿಷಯದಲ್ಲಿ ಮಾತ್ರ, ಜಾತಿಯ ವಿಷಯದಲ್ಲಿ ಅಲ್ಲ. ಒಂದು ಸಮುದಾಯದವರಿಗೇ ಸದಸ್ಯತ್ವವನ್ನು ಮೀಸಲಾಗಿಟ್ಟ ಗೃಹ ಸಹಕಾರ ಸಂಘದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು ೨೦೦೫ರಲ್ಲಿ ಎತ್ತಿಹಿಡಿಯಿತು. ಮನೆ, ಉದ್ಯೋಗ, ವ್ಯವಹಾರಗಳಲ್ಲಿ ಎಲ್ಲ ಬಗೆಯ ತಾರತಮ್ಯವನ್ನೂ ನಿಷೇಧಿಸಿ ಸಿವಿಲ್ ಪರಿಹಾರವನ್ನು ಕೊಡುವ ಸಮಗ್ರ ಮಸೂದೆಯೊಂದನ್ನು ೨೦೧೭ರಲ್ಲಿ ಶಶಿ ತರೂರ್ ಅವರು ಲೋಕಸಭೆಯಲ್ಲಿ ಖಾಸಗಿ ಸದಸ್ಯರ ಮಸೂದೆಯಾಗಿ ಮಂಡಿಸಿದರು. ಅದು ಕಾಯಿದೆಯಾಗಲಿಲ್ಲ.

೬. ಇರುವ ಹಕ್ಕುಗಳ ಉಪಯೋಗ

ಹೊಸ ಕಾಯಿದೆ ಬರುವವರೆಗೆ ಕೈಕಟ್ಟಿ ಕುಳಿತುಕೊಳ್ಳಬೇಕೆಂದು ಇದರ ಅರ್ಥವಲ್ಲ. ಇರುವ ಕಾಯಿದೆಗಳಲ್ಲಿಯೇ ಜನರಿಗೆ ತಿಳಿಯದ ಅನುಕೂಲಗಳು ಹಲವಿವೆ. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಆದಾಯವೆಷ್ಟೇ ಇದ್ದರೂ ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಉಚಿತ ವಕೀಲರ ನೆರವುಂಟು. ದೌರ್ಜನ್ಯದ ಮೊಕದ್ದಮೆಯನ್ನು ಡಿವೈಎಸ್‌ಪಿ ದರ್ಜೆಗೆ ಕಡಮೆಯಿಲ್ಲದ ಅಧಿಕಾರಿ ತನಿಖೆ ಮಾಡಬೇಕು. ಫಿರ್ಯಾದನ್ನು ದಾಖಲಿಸದೆ ಬುದ್ಧಿಪೂರ್ವಕವಾಗಿ ಕರ್ತವ್ಯ ಲೋಪ ಮಾಡಿದ ಸರಕಾರಿ ನೌಕರನಿಗೂ ಶಿಕ್ಷೆಯುಂಟು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯಿರಬೇಕೆಂದು ೧೯೯೫ರ ನಿಯಮಗಳು ಹೇಳುತ್ತವೆ. ಕನಿಷ್ಠ ಕೂಲಿಗಿಂತ ಕಡಮೆ ಕೊಟ್ಟು ದುಡಿಸುವುದು ೨೩ನೆಯ ವಿಧಿಯ ಪ್ರಕಾರ ಬಲವಂತದ ದುಡಿಮೆಯೆಂದು ಸರ್ವೋಚ್ಚ ನ್ಯಾಯಾಲಯವು ೧೯೮೨ರಲ್ಲಿ ಸಾರಿತು; ಈ ವಿಧಿಗೆ ತೋಟದ ಗೇಟು ಅಡ್ಡಿಯಾಗದು. ೧೯೮೩ರ ಇನ್ನೊಂದು ತೀರ್ಪಿನಲ್ಲಿ, ಬಲವಂತದ ದುಡಿಮೆ ಕಂಡುಬಂದ ಕಡೆ ಅದರ ಹಿಂದೆ ಮುಂಗಡವೋ ಸಾಲವೋ ಇದೆಯೆಂದೇ ಊಹಿಸಬೇಕೆಂದು ಹೇಳಿತು. ತಾನು ಜೀತದಾಳೆಂದು ಕಾಗದ ತೋರಿಸಲಾಗದ ಕೂಲಿಗೆ ಇದರಿಂದ ದೊಡ್ಡ ಸಹಾಯವಾಗುತ್ತದೆ.

ತೋಟದ ಯಜಮಾನರೆಲ್ಲರೂ ಕಠಿಣ ಹೃದಯದವರೆಂದು ಈ ಲೇಖನದ ಅಭಿಪ್ರಾಯವಲ್ಲ. ಕಾಫಿಯ ಬೆಲೆ ಏರಿಳಿಯುವಾಗ ಸಣ್ಣ ಬೆಳೆಗಾರನ ಕಷ್ಟವೂ ದೊಡ್ಡದೇ. ಕೂಲಿಯ ಮಗುವಿಗೆ ಜ್ವರ ಬಂದಾಗ ನಡುರಾತ್ರಿಯಲ್ಲಿ ಜೀಪು ಹೊರಡಿಸಿದ ಯಜಮಾನರು ನಮ್ಮಲ್ಲಿದ್ದಾರೆ. ಆದರೆ ಯಜಮಾನರ ಒಳ್ಳೆಯತನವನ್ನು ನಂಬಿ ಬಾಳುವುದು ಬೇರೆ, ತನ್ನ ಹಕ್ಕನ್ನು ನಂಬಿ ಬಾಳುವುದು ಬೇರೆ. ಒಳ್ಳೆಯತನವು ತಂದೆಯಿಂದ ಮಗನಿಗೆ ಬರಬಹುದು, ಬಾರದೆಯೂ ಇರಬಹುದು. ತೋಟವು ಕೈಬದಲಾದಾಗ ಹಕ್ಕುಪತ್ರವಿಲ್ಲದ ಕೂಲಿಗೆ ಆಧಾರವಾಗಿ ಏನೂ ಉಳಿಯುವುದಿಲ್ಲ.

ಆದುದರಿಂದ ಮಾಡಬೇಕಾದ ಕೆಲಸಗಳು ಮೂರು. ಭೂಸುಧಾರಣಾ ಕಾಯಿದೆಯ ೩೮ನೆಯ ಕಲಮಿನ ರಕ್ಷಣೆಯು ಲೈನುಮನೆಗೂ ದೊರೆಯಬೇಕು. ತೋಟದೊಳಗೆ ಸಾಧ್ಯವಿಲ್ಲವೆಂದಾದರೆ ತೋಟದ ಹೊರಗೆ ಅದಕ್ಕೆ ಸಮನಾದ ನಿವೇಶನ ದೊರೆಯಬೇಕು. ೧೨ನೆಯ ಕಲಮಿನ ಊಹೆಯ ಅನುಕೂಲವು ಪಂಗಡಗಳವರಿಗೂ ಬರಬೇಕು. ಶಿಕ್ಷೆಯ ದಾರಿಯ ಜೊತೆಗೆ, ಕಳೆದುಕೊಂಡ ಮನೆಯನ್ನೂ ಕೆಲಸವನ್ನೂ ಮರಳಿ ಕೊಡಿಸುವ ಸಿವಿಲ್ ದಾರಿಯೊಂದು ತೆರೆಯಬೇಕು.

೧೯೪೯ರಲ್ಲಿ ಕೊಡಗು ತನ್ನ ಶಾಸನಪಟ್ಟಿಯ ಮೊದಲ ಎರಡು ಸ್ಥಾನಗಳನ್ನು ಈ ಕೆಲಸಕ್ಕೆ ಕೊಟ್ಟಿತ್ತು. ಆ ಶಾಸನಗಳು ದೇವಾಲಯದ ಬಾಗಿಲನ್ನೂ ಬಾವಿಯ ಕಟ್ಟೆಯನ್ನೂ ತೆರೆದವು. ಅಂದಿನ ಹಿರಿಯರು ತಮ್ಮ ಕಾಲಕ್ಕೆ ಕಂಡ ಬಾಗಿಲುಗಳನ್ನು ತೆರೆದರು. ತೋಟದ ಗೇಟು ಇನ್ನೂ ಉಳಿದಿದೆ. ನಮ್ಮ ಕಾಲೇಜಿನ ತರಗತಿಗಳಿಗೆ ಇಂದು ಲೈನುಮನೆಗಳಿಂದಲೂ ಹಾಡಿಗಳಿಂದಲೂ ವಿದ್ಯಾರ್ಥಿಗಳು ಬರುತ್ತಿದ್ದಾರೆ. ೧೭ನೆಯ ವಿಧಿಯನ್ನು ಬಾಯಿಪಾಠ ಮಾಡುವಾಗ ಅವರು ತಮ್ಮ ಮನೆಯ ವಿಳಾಸವನ್ನು ನೆನೆದು, ಈ ವಾಕ್ಯ ಅಲ್ಲಿಗೆ ತಲುಪಿದೆಯೆ ಎಂದು ಕೇಳಿದರೆ ಅದು ತಪ್ಪಲ್ಲ. ಅವರೊಡನೆ ಕುಳಿತು ಓದುವ ನಾವೂ ಆ ಪ್ರಶ್ನೆಯನ್ನು ಕೇಳಲು ಕಲಿಯಬೇಕು.